ಸಿಂಗಟಗೆರೆ ಅಕ್ಕನ ದನಿ ತರೀಕೆರೆಯಲ್ಲಿ ಕಾಣೆಯಾದದ್ದು

"ಮುಖ್ಯ ಗಾಯಕಿ ಹಾಡಿರುವುದಿಲ್ಲ" ಎಂದು ತರೀಕೆರೆಯ ಆಯ್ಕೆ ಸಮಿತಿ ಸೀಲು ಹೊಡೆದು ಬರೆದುಕೊಟ್ಟಿತು. ಅದು ಸುಳ್ಳು. ಸಿಂಗಟಗೆರೆಯ ಅಕ್ಕ ಹಾಡಿದ್ದಳು. ರೆಕಾರ್ಡ್ ಮಾಡಿದವನು ನಾನೇ. ದನಿ ಕೇಳದಿದ್ದಾಗ ಯಂತ್ರವನ್ನು ಅನುಮಾನಿಸದೆ ಹೆಂಗಸನ್ನು ಅನುಮಾನಿಸಿದರು. ಆ ಒಂದು ಸಾಲಿನಿಂದ, ಇಪ್ಪತ್ತು ವರ್ಷ ಮದುವೆಯ ಸೋಬಾನೆ ಹಾಡಿಗೆ ಮುಂದಾಳಾಗಿದ್ದವಳನ್ನು ಅವಳ ತಂಡದವರೇ ಹಿಂದಕ್ಕೆ ಸರಿಸುವ ಮಾತು ಎದ್ದಿತು.

ನಾನು ಕಡೂರಿನಲ್ಲಿ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವವನು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಎರಡು ಮೈಕು ಇಟ್ಟುಕೊಂಡು ಸುತ್ತಲಿನವರ ಹಾಡು ರೆಕಾರ್ಡ್ ಮಾಡುತ್ತೇನೆ. ಯಾರೂ ಕಲಿಸಲಿಲ್ಲ, ಕೆಡಿಸಿ ಕೆಡಿಸಿ ಕಲಿತೆ. ಈ ಕೆಲಸದಲ್ಲಿ ಒಂದು ಪೀಡೆ ಇದೆ. ಕಂಪ್ಯೂಟರಿನೊಳಗೆ ಚೆನ್ನಾಗಿದ್ದ ಹಾಡು, ಎಕ್ಸ್‌ಪೋರ್ಟ್ ಮಾಡಿ ಫೈಲಾಗಿ ಹೊರಗೆ ತೆಗೆದ ಕೂಡಲೇ ಬೇರೆ ಏನೋ ಆಗಿರುತ್ತದೆ. ಇದು ಎಲ್ಲರಿಗೂ ಆಗುತ್ತಲೇ ಇರುತ್ತದೆ. ಅಕ್ಕನ ಒಂದೇ ಹಾಡಿಗೆ ಮೂರು ಸಲ ಆಯಿತು.

೧. ಮೈಕಿಗೆ ಅರಿಶಿನ

ಅಕ್ಕ ಮತ್ತು ಏಳು ಜನ ಹೆಂಗಸರು ಬೆಳಿಗ್ಗೆಯ ಬಸ್ಸಿಗೆ ಬಂದಿಳಿದರು. ಅಕ್ಕ ಸಾಲು ಹೇಳುವುದು, ಏಳು ಜನ ಹಿಂದಿನಿಂದ ಪಲ್ಲವಿಯಂತೆ ಸೊಲ್ಲು ಎತ್ತಿಕೊಳ್ಳುವುದು, ಇದು ಅವರ ಪದ್ಧತಿ. ಹಾಡಿ ಎಂದೆ.

"ಸೋಬಾನೆ ಅಂದ್ರೆ ಎದುರಿಗೆ ಮದುವಣಗಿತ್ತಿ ಕೂತಿರ್ಬೇಕು ಕಣೋ ತಮ್ಮಾ. ಗೋಡೆಗೆ ಹಾಡಕ್ಕಾಯ್ತದಾ?" ಎಂದಳು ಅಕ್ಕ.

"ಮೈಕಿಗೆ ಹಾಡಕ್ಕಾ."

ಅಕ್ಕ ಮೈಕನ್ನು ಮೇಲಿಂದ ಕೆಳಗೆ ನೋಡಿದಳು. "ಬೋಳಾಗಿ ನಿಂತದಲ್ಲೋ!"

ಐದು ನಿಮಿಷದಲ್ಲಿ ಸ್ಟ್ಯಾಂಡಿಗೆ ಕುಬಸದ ಕಣ ಸುತ್ತಿದರು, ಅರಿಶಿನ ಕುಂಕುಮ ಇಟ್ಟರು, ಕನಕಾಂಬರ ಮುಡಿಸಿದರು. ಆಮೇಲೆ ಹಾಡಿದರು ನೋಡಿ, ಹೊರಗೆ ಮೋಟಾರ್ ಬಿಚ್ಚಿಸಲು ಬಂದಿದ್ದ ಹಿರೇನಲ್ಲೂರಿನ ಗೌಡರು ಮೋಟಾರ್ ಮರೆತು ಬಾಗಿಲಲ್ಲೇ ಕೂತರು. ಹಾಡು ಮುಗಿದಾಗ ತಂಡದ ಹಿರಿಯಜ್ಜಿ ಕಣ್ಣೊರೆಸಿಕೊಂಡು ಮೈಕಿನ ಬೆನ್ನು ಸವರಿತು. "ಹೋದ ಮನೇಲಿ ಚೆನ್ನಾಗಿ ಬಾಳವ್ವಾ."

"ಇದು ಎಲ್ಲಿಗೂ ಹೋಗಲ್ಲ ಅಜ್ಜೀ, ಇಲ್ಲೇ ಇರುತ್ತೆ" ಎಂದೆ.

"ಹಂಗಾದ್ರೆ ಮನೆಯಳಿಯನ್ನೇ ಹುಡುಕು" ಎಂದಿತು ಅಜ್ಜಿ.

೨. ಖಾಲಿ ಬಿಟ್ಟ ಜಾಗ

ಮೊದಲ ಫೈಲನ್ನು ದೊಡ್ಡ ಸ್ಪೀಕರಿನಲ್ಲಿ ಕೇಳಿ ಹೇಳಿ ಎಂದು ಅಜ್ಜಂಪುರದ ಮೈಕ್‌ಸೆಟ್‌ನವರಿಗೆ ಕಳಿಸಿದೆ. ಆ ಮಹಾರಾಯರು ಅದನ್ನು ನೇರವಾಗಿ ಒಂದು ಮದುವೆಯ ಚಪ್ಪರದಲ್ಲಿ ಹಾಕಿಬಿಟ್ಟರು.

ಅಕ್ಕನಿಗೊಂದು, ಏಳು ಜನರಿಗೊಂದು ಮೈಕು ಇಟ್ಟಿದ್ದೆ. ಏಳು ಜನರ ಮೈಕನ್ನಷ್ಟೇ ಪರೀಕ್ಷಿಸಲು ಕಂಪ್ಯೂಟರಿನಲ್ಲಿ ಸೋಲೋ ಗುಂಡಿ ಒತ್ತಿದ್ದೆ. ತೆಗೆಯುವುದು ಮರೆತಿದ್ದೆ. ಗುಂಡಿ ಒತ್ತಿದ್ದರೆ ಆ ಮೈಕಿನದು ಮಾತ್ರ ಫೈಲಿಗೆ ಹೋಗುತ್ತದೆ. ಹೀಗಾಗಿ ಅಕ್ಕನ ಸಾಲು ಬರಬೇಕಾದ ಕಡೆಯೆಲ್ಲ ಮೌನ, ನಡುನಡುವೆ ಏಳು ಜನರ ಸೊಲ್ಲು.

ಸಂಜೆ ಮೈಕ್‌ಸೆಟ್‌ನವರ ಫೋನ್ ಬಂತು. ಬೈಗುಳಕ್ಕೆ ಸಿದ್ಧನಾಗಿಯೇ ಎತ್ತಿದೆ.

"ಏನ್ರೀ ಇದು! ಸೊಲ್ಲು ಬಂತು, ಆಮೇಲೆ ಖಾಲಿ. ಚಪ್ಪರದಲ್ಲಿ ಒಬ್ಬಜ್ಜಿ ಸುಮ್ನಿರಲಾರ್ದೆ ಸಾಲು ಹೇಳ್ತು. ಮತ್ತೆ ಸೊಲ್ಲು, ಮತ್ತೆ ಖಾಲಿ. ಗಂಡಿನ ಕಡೆಯಜ್ಜಿ ಎದ್ದು ನಿಂತು ಇನ್ನೊಂದು ಸಾಲು ಹೇಳ್ತು. ಎರಡೂ ಕಡೆಯೋರು ಪೈಪೋಟಿಗೆ ಬಿದ್ಬಿಟ್ರು. ಊಟದ ಎಲೆ ಹಾಕಿದ್ರೂ ಒಬ್ರೂ ಏಳ್ಲಿಲ್ಲ!"

"ತಪ್ಪಾಯ್ತು ಕಣ್ರೀ, ಸರಿ ಮಾಡಿ ಕಳಿಸ್ತೀನಿ."

"ಸರಿ ಮಾಡೀರಾ ಜೋಕೆ! ಇಂಥವೇ ಇನ್ನೂ ನಾಲ್ಕು ಮಾಡಿಕೊಡಿ."

೩. ಬಸ್ಸಿಗೆ ಟೈಮಾಯ್ತಾ?

ಎರಡನೆಯ ಸಲ ಸೋಲೋ ತೆಗೆದೆ. ಆದರೆ ತಾಳ ಅಳೆಯಲೆಂದು ಕಂಪ್ಯೂಟರ್ ಬಡಿಯುವ ಟಕ್ ಟಕ್ ಇರುತ್ತದಲ್ಲ, ಅದನ್ನು ಬಂದ್ ಮಾಡಿರಲಿಲ್ಲ. ಅದೂ ಹಾಡಿನ ಜೊತೆ ಫೈಲಿಗೆ ಇಳಿಯಿತು. ಅಕ್ಕನೋ, ಹೆಣ್ಣು ಒಪ್ಪಿಸಿಕೊಡುವ ಸಾಲು ಬಂದರೆ ನಿಂತು ನಿಂತು ಹಾಡುವವಳು. ಕಂಪ್ಯೂಟರಿಗೆ ಯಾವ ಹೆಣ್ಣಿನ ಮೇಲೆ ಕರುಣೆ?

ಅಂಗಡಿಯಲ್ಲೇ ಕೂತು ಕೇಳಿದ ಅಕ್ಕ ಹುಬ್ಬು ಗಂಟಿಕ್ಕಿದಳು. "ಹಿಂದ್ಗಡೆ ಯಾರೋ ಕೊಬ್ರಿ ಒಡೀತಾವ್ರೆ."

"ಅದು ತಾಳ ಅಕ್ಕಾ. ನೀನು ಅದಕ್ಕಿಂತ ಹಿಂದೆ ಬಿದ್ದಿದೀಯ."

"ನಾನ್ಯಾಕೋ ಹಿಂದೆ ಬೀಳಲಿ? ಹೆಣ್ಣು ಅಳೋ ಹೊತ್ನಲ್ಲಿ ಅದೇ ಮುಂದೆ ಓಡ್ತಾ ಅದೆ. ಅದಕ್ಕೇನು ಪಂಚನಹಳ್ಳಿ ಬಸ್ಸಿಗೆ ಟೈಮಾಯ್ತಾ?"

೪. ವೈರಿನೊಳಗೆ ಅಕ್ಕ

ಮೂರನೆಯ ಫೈಲು ಚಿನ್ನದಂತೆ ಬಂತು. ಹೆಡ್‌ಫೋನಿನಲ್ಲಿ ಕೇಳಿ ನಾನೇ ಎದೆಯುಬ್ಬಿಸಿದೆ. ಅಕ್ಕನ ದನಿ ಇನ್ನೂ ವಿಶಾಲವಾಗಿ ಕೇಳಲಿ ಎಂದು ಅಗಲ ಮಾಡುವ ಒಂದು ಎಫೆಕ್ಟ್ ಬೇರೆ ಹಾಕಿದ್ದೆ. ಜಿಲ್ಲಾ ಜಾನಪದ ಮೇಳಕ್ಕೆ ತಂಡ ಆರಿಸುವ ತರೀಕೆರೆಯ ಸಮಿತಿಗೆ ಅದನ್ನೇ ಕಳಿಸಿದೆವು. ಬಂದ ಉತ್ತರ ಮೇಲೆ ಹೇಳಿದ್ದೇನೆ. ಕೆಳಗೆ ಇನ್ನೊಂದು ಸಾಲಿತ್ತು: "ಹಿಮ್ಮೇಳ ಉತ್ತಮವಾಗಿದೆ."

"ಮುಂದಾಳು ಬದಲಾಯ್ಸಾನ" ಎಂದು ತಂಡದಲ್ಲಿ ಗುಸುಗುಸು ಶುರುವಾಯಿತು. ಅಕ್ಕ ಮಗಳ ಫೋನಿನಲ್ಲಿ ಆ ಫೈಲ್ ಹಾಕಿ ಕೇಳಿದಳು. ನಿಜ, ಅವಳ ದನಿಯೇ ಇಲ್ಲ! ಮಗಳು ಇಯರ್‌ಫೋನ್ ಚುಚ್ಚಿ ಕೊಟ್ಟಳು. ದನಿ ಇದೆ! ವೈರ್ ಕಿತ್ತರೆ ಇಲ್ಲ, ಚುಚ್ಚಿದರೆ ಇದೆ. ಅಕ್ಕ ನನಗೆ ಫೋನ್ ಮಾಡಿದಳು.

"ತಮ್ಮಾ, ನಾನು ಫೋನೊಳಗಿಲ್ಲ ಕಣೋ, ವೈರೊಳಗೆ ಕೂತಿದೀನಿ. ಎಳೆದು ಆಚೆಗಾಕು!"

ನಾನು ಎದುರಿಗಿದ್ದ ಮೋಟಾರ್ ನೋಡಿದೆ. ತಂತಿಯ ಎರಡು ಕಾಯಿಲನ್ನು ಎದುರುಬದುರು ಜೋಡಿಸಿದರೆ ಒಂದರ ಬಲ ಇನ್ನೊಂದು ತಿಂದು ಮೋಟಾರ್ ಬರೀ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ನಾನು ಹಾಕಿದ ಎಫೆಕ್ಟ್ ಮಾಡಿದ್ದೂ ಅದೇ. ಅಕ್ಕನ ದನಿಯನ್ನು ಎಡಕ್ಕೊಂದು, ಬಲಕ್ಕೆ ಅದರ ಉಲ್ಟಾ ಒಂದು ಮಾಡಿ ಇಟ್ಟಿತ್ತು. ಎರಡು ಕಿವಿಗೆ ಬೇರೆ ಬೇರೆ ಹೋದರೆ ಸೊಗಸು. ಎರಡನ್ನೂ ಸೇರಿಸುವ, ಫೋನಿನಲ್ಲಿರುವಂಥ ಒಂಟಿ ಸ್ಪೀಕರಿನಲ್ಲಿ ಒಂದನ್ನೊಂದು ತಿಂದು ಸೊನ್ನೆ. ಅರ್ಧ ತಪ್ಪು ನನ್ನದು, ಬರೆಯಲು ನನಗೆ ನಾಚಿಕೆಯಿಲ್ಲ. ಉಳಿದರ್ಧವನ್ನು ಸಮಿತಿಯವರ ಕೈಯಲ್ಲಿ ಬರೆಸಲು ಮಾರನೇ ದಿನವೇ ಎಂಟೂ ಜನರನ್ನು ಬಸ್ಸು ಹತ್ತಿಸಿದೆ.

೫. ಕಿತ್ತು ನೋಡೋಣ

ಸಮಿತಿಯ ಅಧ್ಯಕ್ಷರು ತಲೆಯೆತ್ತಲಿಲ್ಲ. "ಕೊನೇ ದಿನ ಮುಗೀತಪ್ಪಾ. ಹೊಸ ಫೈಲ್ ತಗೊಳ್ಳಂಗಿಲ್ಲ."

"ಹೊಸದು ಯಾರ್ ಕೊಟ್ರು ಸಾರ್? ನಿಮ್ಮತ್ರ ಇರೋದನ್ನೇ ಹಾಕಿ. ಹಾಕೋವರೆಗೂ ನಾವು ಒಂಬತ್ತು ಜನ ಇಲ್ಲೇ ಕೂತಿರ್ತೀವಿ."

ಹಿರಿಯಜ್ಜಿ ಆಗಲೇ ಕೂತು ಎಲೆಯಡಿಕೆ ಚೀಲ ಬಿಚ್ಚಿತ್ತು. ಕೊನೆಗೆ ಅಧ್ಯಕ್ಷರು ಫೈಲ್ ಹಾಕಿದರು. ಕಂಪ್ಯೂಟರಿನಿಂದ ಎಡದ್ದೊಂದು, ಬಲದ್ದೊಂದು ಎರಡು ವೈರು ಬಂದು ಒಂದೇ ಸ್ಪೀಕರ್ ಪೆಟ್ಟಿಗೆಗೆ ಸೇರಿದ್ದವು. ಏಳು ಜನರ ಸೊಲ್ಲು ಕೇಳಿತು, ಅಕ್ಕ ಇಲ್ಲ.

"ನೋಡಿದ್ಯಾ?" ಎಂದರು ಅಧ್ಯಕ್ಷರು.

ನಾನು ಹೋಗಿ ಒಂದು ವೈರನ್ನು ಕಿತ್ತೆ. ಅಕ್ಕನ ದನಿ ಸ್ಪೀಕರಿನಿಂದ ಎದ್ದು ಬಂದ ರಭಸಕ್ಕೆ ಮೇಜಿನ ಮೇಲಿದ್ದ ಅರ್ಜಿಗಳು ಅದುರಿದವು. ಪಕ್ಕದ ಕೋಣೆಯವರು ಓಡಿಬಂದರು. ಅಕ್ಕ ಮಾತ್ರ ಸೆರಗು ಸರಿಮಾಡಿಕೊಂಡು ತನ್ನ ತಂಡದ ಕಡೆ ತಿರುಗಿದಳು. "ಕೇಳುಸ್ತೇನ್ರೇ?"

ಏಳು ಜನವೂ ಸರಿದು ಬಂದು ಅವಳ ಬೆನ್ನ ಹಿಂದೆ ನಿಂತರು.

ಸಮಿತಿಯ ಸದಸ್ಯೆಯೊಬ್ಬರಿಗೆ ಹುರುಪು ಬಂತು. "ಸಾರ್, ಇನ್ಯಾರ್ಯಾರು ಒಳಗಡೆ ಸಿಕ್ಕಾಕ್ಕೊಂಡಿದಾರೋ! ಎಲ್ಲರದ್ದೂ ಕಿತ್ತು ನೋಡೋಣ" ಎನ್ನುತ್ತಾ ಸಿಕ್ಕ ಮೊದಲ ಫೈಲನ್ನೇ ಹಾಕಿದರು. ಅದು ಮೇಳದ ಉದ್ಘಾಟನೆಗೆಂದು ಸ್ವತಃ ಅಧ್ಯಕ್ಷರು ಹಾಡಿದ್ದ ಪ್ರಾರ್ಥನೆ. ಯಾರೋ ವಾದ್ಯವನ್ನೆಲ್ಲ ಒಂದು ಕಡೆಗೆ, ದನಿಯನ್ನು ಇನ್ನೊಂದು ಕಡೆಗೆ ಇಟ್ಟು ಎಕ್ಸ್‌ಪೋರ್ಟ್ ಮಾಡಿದ್ದರು. ವಾದ್ಯದ ವೈರು ನನ್ನ ಕೈಯಲ್ಲಿ ನೇತಾಡುತ್ತಿತ್ತು. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ. ಅಧ್ಯಕ್ಷರ ದನಿಯೊಂದೇ ಬೆತ್ತಲೆಯಾಗಿ ಹೊರಗೆ ಬಂತು. ಮೇಲಿನ ಸ್ವರಕ್ಕೆ ಹೊರಟಿತು, ಸಿಗಲಿಲ್ಲ, ಕೆಮ್ಮಿತು, "ಇದನ್ನ ಕಟ್ ಮಾಡ್ಬಿಡ್ರಪ್ಪಾ" ಎಂದಿತು.

ಅಧ್ಯಕ್ಷರು ಕುರ್ಚಿಯಿಂದ ಹಾರಿ ಬಂದು ನನ್ನ ಕೈಯಿಂದ ವೈರು ಕಿತ್ತುಕೊಂಡು ತಾವೇ ಚುಚ್ಚಿದರು. "ಸಾಕು ಬಿಡ್ರೀ! ಎಲ್ಲರದ್ದೂ ಕಿತ್ತರೆ ಮೇಳ ನಡೆಯಲ್ಲ."

"ಹೂಂ ಸಾರ್," ಎಂದಳು ಅಕ್ಕ, ಬಹಳ ಮರ್ಯಾದೆಯಿಂದ. "ನಿಮ್ಮದಕ್ಕೆ ವೈರು ಇರ್ಲಿ. ಬೇಕಾದ್ರೆ ಇನ್ನೂ ಎರಡು ಹಾಕ್ಸಿ."

ಅದೇ ಕಾಗದದ ಮೇಲೆ ಹಳೆಯ ಸಾಲು ಹೊಡೆದು ಹಾಕಿಸಿದೆ. "ಗಾಯಕಿ ಹಾಡಿದ್ದಾರೆ. ನಾವು ಸರಿಯಾಗಿ ಕೇಳಿರಲಿಲ್ಲ. ತಂಡ ಆಯ್ಕೆಯಾಗಿದೆ" ಎಂದು ಬರೆಸಿದೆ, ಸೀಲು ಹೊಡೆಸಿದೆ. ಮೇಳದಲ್ಲಿ ಅಕ್ಕನೇ ಮುಂದೆ ನಿಂತು ಹಾಡಿದಳು.

ಈಗ ನಿಮಗೆ ಹೇಳುತ್ತೇನೆ. ದನಿ ಸರಿಯಿಲ್ಲ ಎಂದು ವಾಪಸ್ ಕಳಿಸಿದ ಹಾಡುಗಾರ್ತಿ ನಿಮ್ಮೂರಿನಲ್ಲೂ ಒಬ್ಬಳಿದ್ದಾಳೆ. ನಾಳೆ ಅವಳ ಮನೆಗೆ ಹೋಗಿ. ಆ ಫೈಲ್ ಇಸಿದುಕೊಳ್ಳಿ, ಒಂದೊಂದೇ ಕಿವಿಗೆ ಹಾಕಿ ಕೇಳಿ. ದನಿ ಸಿಕ್ಕಿತೋ, ಅವಳನ್ನು ಕರೆದುಕೊಂಡು ತೀರ್ಪು ಕೊಟ್ಟವರ ಮೇಜಿನ ಮುಂದೆ ನಿಲ್ಲಿ. ಅವರ ಪೆನ್ನಿನಿಂದಲೇ ಆ ತೀರ್ಪನ್ನು ಹೊಡೆದು ಹಾಕಿಸುವವರೆಗೂ ಅಲ್ಲಿಂದ ಕದಲಬೇಡಿ.