ಮೊದಲ ಬ್ಯಾಟರಿ ತೋರಿಸ್ರಿ

ಸಿಂದಗಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಕಂಪನಿಯವರು ಕೈಬಿಟ್ಟ ಹಳೇ ಫೋನುಗಳ ಸಿಸ್ಟಂ, ಅಂದರೆ ಅವನ್ನು ನಡೆಸುವ ಸಾಫ್ಟ್‌ವೇರ್, ತೆಗೆದು ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಬೇರೆ ಸಿಸ್ಟಂ ಹಾಕಿ ಮತ್ತೆ ಓಡಿಸುವುದು ನನ್ನ ಕಸುಬು. ಅದೇನೂ ಕಷ್ಟವಿಲ್ಲ. ಅದಕ್ಕೂ ಮೊದಲು ಬ್ಯಾಟರಿ ವಿಷಯ ತಿಳಿಸಿ ಹೇಳುವುದಿದೆಯಲ್ಲ, ಅಲ್ಲೇ ಏನಾದರೊಂದು ತಮಾಷೆ ಆಗುತ್ತಿರುತ್ತದೆ.

ಇಟ್ಟಂಗಿ

ಇಂಡಿ ಕಡೆಯ ಇಟ್ಟಂಗಿ ಭಟ್ಟಿಯ, ಅಂದರೆ ಇಟ್ಟಿಗೆ ಗೂಡಿನ, ಮಾಲೀಕರೊಬ್ಬರು ಹಳೇ ಫೋನ್ ತಂದು ಮೇಜಿನ ಮೇಲಿಟ್ಟರು. ಚಾರ್ಜ್ ತಳ ಕಂಡಿತ್ತು.

"ಅರ್ಧದ ಮ್ಯಾಲೆ ಚಾರ್ಜ್ ಆಗ್ಲಿರಿ, ಆಮ್ಯಾಲೆ ಸಿಸ್ಟಂಗೆ ಕೈ ಹಚ್ಚತೇನಿ," ಅಂದೆ.

"ಈಗ ಹಾಕಿಬಿಡ್ರಿ, ನನ್ನ ಬಸ್ ಹೊಂಟೈತಿ."

"ನಡುವ ಬಂದ್ ಬಿತ್ತಂದ್ರ ಮತ್ತ ಚಾಲೂ ಆಗೂದು ಕಠಿಣ ಐತ್ರಿ. ಫೋನ್ ಇಟ್ಟಂಗಿ ಆತು ಅಂತೇವಿ ನಾವು ಅದಕ್ಕ."

ಅವರು ಬಸ್ಸಿನ ಮಾತು ಬಿಟ್ಟು ಕುರ್ಚಿ ಎಳೆದು ಕೂತರು. "ಎಷ್ಟೊತ್ತಿನಾಗ ಆಗ್ತೈತ್ರಿ ಇಟ್ಟಂಗಿ?"

"ಕಣ್ಣು ಮುಚ್ಚಿ ತೆರೆಯೂದರಾಗ ಆಗ್ತೈತ್ರಿ."

"ನಾವು ಕಲಸಿ, ಒಣಗಿಸಿ, ಸುಟ್ಟು, ಆರಿಸಿ ತೆಗ್ಯಾಕ ವಾರಗಟ್ಟಲೆ ಸಾಯ್ತೇವಿ. ಭಟ್ಟಿ ನೀವ ನಡಸ್ರಿ ಇನ್ನ."

ಉಬ್ಬಿದ್ದು

ಗೊಳಸಂಗಿಯ ಅಜ್ಜಿಯೊಬ್ಬರು ಬಂದರು. ಮಗಳ ಕೂಸಿನ ಮುಖ ಫೋನಿನಲ್ಲಿ ನೋಡಬೇಕು, ಹಳೇ ಸಿಸ್ಟಮ್ಮಿನಲ್ಲಿ ವಿಡಿಯೋ ಬರುತ್ತಿರಲಿಲ್ಲ. ನೋಡಿದರೆ ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಬಾಯಿ ಬಿಟ್ಟಿತ್ತು. ಅಜ್ಜಿ ಅದಕ್ಕೆ ರಬ್ಬರ್ ಬ್ಯಾಂಡು ಬಿಗಿದಿದ್ದರು.

"ಬೀಸುಕಲ್ಲಿನ ಬುಡಕ ಇಟ್ಟಿದ್ದೆ ತಮ್ಮಾ, ಆದ್ರೂ ಇಳೀಲಿಲ್ಲ."

ರಬ್ಬರ್ ಬ್ಯಾಂಡು ಮೆಲ್ಲಗೆ ಬಿಚ್ಚಿದೆ. "ಆಯಿ, ಉಬ್ಬಿದ ಬ್ಯಾಟರಿ ಒತ್ತಿದ್ರ ಬೆಂಕಿ ಹತ್ತತೈತಿ. ಇದನ್ನ ಬದಲಿ ಮಾಡೂತನಕ ಸಿಸ್ಟಂ ಮಾತ ಬ್ಯಾಡ."

"ರೊಟ್ಟಿ ಉಬ್ಬಿದ್ರ ಚಲೋ ಅಂತೇವಲ್ಲೋ."

"ಉಬ್ಬಿದ ಮ್ಯಾಲೆ ಹಂಚಿನ ಮ್ಯಾಲೆ ಬಿಡ್ತೀರೇನು?"

"ಇಲ್ಲಪ್ಪ, ತೆಗೀತೇನಿ."

ತೆಗೆದೆ. ಹೊಸ ಬ್ಯಾಟರಿ, ಹೊಸ ಸಿಸ್ಟಂ ಹಾಕಿ ಅಂಗಡಿಯಿಂದಲೇ ವಿಡಿಯೋ ಕಾಲ್ ಹಚ್ಚಿಕೊಟ್ಟೆ. ಗುಂಡಗುಂಡಗಿನ ಕೂಸು ಕಂಡಿತು. ಅಜ್ಜಿ ಕಣ್ಣು ಒರೆಸಿಕೊಂಡು ಮಗಳಿಗೆ ಹೇಳಿದರು: "ಕೂಸಿನ ಗಲ್ಲ ಎರಡೂ ಉಬ್ಬ್ಯಾವಲ್ಲ. ಚಾರ್ಜಿಂಗ್ ಜಾಸ್ತಿ ಆಗೇತಿ, ಹಾಲು ಸ್ವಲ್ಪ ಕಡಿಮಿ ಮಾಡು."

ಮಣ್ಣು

ಒಂದು ದಿನ ಬೆಳಿಗ್ಗೆ ನನ್ನದೇ ಫೋನಿಗೆ ಹೊಸ ಸಿಸ್ಟಂ ಹಾಕಲು ಕೂತೆ. ಬಂದ್ ಮಾಡಿ ಬಿಚ್ಚಿದರೆ ಒಳಗಿನ ಬ್ಯಾಟರಿ ಊದಿದೆ. ಮೆಲ್ಲಗೆ ಬಿಡಿಸಿ, ಅಂಗಡಿ ಹಿಂದಿನ ಬಯಲಿಗೆ ಒಯ್ದು, ಬಕೆಟ್ಟಿನಲ್ಲಿಟ್ಟು, ಬೆಂಕಿ ಹತ್ತಿದರೂ ಹರಡದಿರಲೆಂದು ಮೇಲೆ ಒಣಮಣ್ಣು ಹಾಕತೊಡಗಿದೆ. ಪಕ್ಕದ ಚಹಾ ಅಂಗಡಿಯವರು ಇಣುಕಿ, "ಏನ್ ನಡಸೀರಿ?" ಅಂದರು.

"ಬ್ಯಾಟರಿ ಮಣ್ಣು ಮಾಡಾಕತ್ತೇನ್ರಿ."

ನಮ್ಮ ಕಡೆ ಮಣ್ಣು ಅಂದರೆ ಅಂತ್ಯಕ್ರಿಯೆ. ಅವರು ನಗುತ್ತ ಹೋಗಿ ತಮ್ಮ ಗಿರಾಕಿಗೆ, "ಮೊಬೈಲ್ ಅಂಗಡ್ಯಾಗ ಇವತ್ತ ಮಣ್ಣು ಐತಿ," ಅಂದುಬಿಟ್ಟರು. ಗಿರಾಕಿ ನಾಲತವಾಡದವನು, ನನ್ನ ಮಾವನ ಮನೆಯ ಓಣಿಯವನೇ. ಕೂಡಲೇ ಮಾವನಿಗೆ ಫೋನು ಹಚ್ಚಿದ. ಮಾವ ನನಗೆ ಹಚ್ಚಿದರು, ನನ್ನ ಫೋನ್ ಬಂದ್. ಮಗಳಿಗೆ, ಅಂದರೆ ನನ್ನ ಹೆಂಡತಿಗೆ, ಹಚ್ಚಿದರು; ಅವಳ ಫೋನೂ ರಿಪೇರಿಗೆಂದು ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.

ಮಧ್ಯಾಹ್ನ ಅಂಗಡಿ ಮುಂದೆ ಜೀಪು ನಿಂತಿತು. ಒಳಗೆಲ್ಲ ಅಳುವ ಮಂದಿ. ಕೈಯಲ್ಲಿ ಹೂವಿನ ಮಾಲೆ ಹಿಡಿದು ಮಾವ ಇಳಿದರು. ನಾನು ಚಹಾ ಕುಡಿಯುತ್ತಿದ್ದೆ.

"ಇದ್ದೀರೇನ್ರಿ ಅಳಿಯಂದ್ರ?"

"ಇದ್ದೇನ್ರಿ ಮಾವಾರ."

"ಮತ್ತ ಮಣ್ಣು ಯಾರದು?"

"ಬ್ಯಾಟರೀದ್ರಿ."

ಹಿಂದಕ್ಕೆ ಕರೆದೊಯ್ದು ಬಕೆಟ್ಟು ತೋರಿಸಿದೆ. ಮಾವ ಬಗ್ಗಿ ನೋಡಿದರು.

"ವಯಸ್ಸೆಷ್ಟಾಗಿತ್ತು?"

"ನಾಕೈದು ವರ್ಷ ಆಗಿದ್ದುವ್ರಿ."

"ಪಾಪ," ಎಂದು ಮಾಲೆಯನ್ನು ಬಕೆಟ್ಟಿನ ಮೇಲೆ ಹಾಕಿದರು.