ಒಂಬತ್ತು ಬಣ್ಣ, ಒಂದು ಇಸ್ತ್ರಿಪೆಟ್ಟಿಗೆ

ಮೂವತ್ತೊಂದು ವರ್ಷ ವಿಲ್ಲೇಜ್ ಆಫೀಸಿನಲ್ಲಿ ಭೂಕಂದಾಯದ ತೀರ್ವೆ ರಶೀದಿ ಹರಿದು, ಕೊನೆಗೆ ಒಂದು ಹಾರ, ಒಂದು ಗೋಡೆ ಗಡಿಯಾರ ಮತ್ತು ಖಾಯಂ ಸೊಂಟನೋವಿನೊಂದಿಗೆ ಮನೆಗೆ ಬಂದ ಮಹೇಶ್ವರಣ್ಣ ಸರಕಾರದಿಂದ ಮತ್ತೇನೂ ಬಯಸಿದವನಲ್ಲ. ಹೆಂಡತಿಯಿಂದಲೂ ಬಯಸಿದವನಲ್ಲ. ಅವನಿಗೆ ಬೇಕಾದದ್ದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ನಿದ್ದೆ ಮಾತ್ರ. ಆಫೀಸಿನಲ್ಲಿದ್ದಾಗ ಸರಿಯಾಗಿ ಅದೇ ಹೊತ್ತಿಗೆ ಊರಿನ ಜನವೆಲ್ಲ ಕಿಟಕಿಗೆ ಮುಖ ಕೊಟ್ಟು "ನಂದು ಆಯ್ತಾ? ನಂದು ಆಯ್ತಾ?" ಎಂದು ಕೇಳುತ್ತಿತ್ತು. ಈಗ ಬೋವಿಕಾನ ಪೇಟೆಯ ಹಿಂದಿನ ತನ್ನ ಮನೆಯ ಚಾವಡಿಯಲ್ಲಿ, ಫ್ಯಾನಿನ ಕೆಳಗೆ ಬೆನ್ನು ಚಾಚಿದರೆ ಯಾರೂ ಏನೂ ಕೇಳುವುದಿಲ್ಲ. ಈ ಸುಖ ಅವನಿಗೆ ದಕ್ಕಿದ್ದು ಬರೀ ಐದು ತಿಂಗಳು.

ಅದಕ್ಕೆ ಕಲ್ಲು ಬಿದ್ದದ್ದು ನವರಾತ್ರಿಯ ಹಿಂದಿನ ದಿನ. ಅವನ ಹೆಂಡತಿ ಸೌದಾಮಿನಿ ಊರಿನ ಭಜನಾ ಮಂದಿರದ ಮಹಿಳಾ ಮಂಡಳಿಯ ಅಧ್ಯಕ್ಷೆ. ಮಂಡಳಿಗೆ ಈ ಸಲ ಇಪ್ಪತ್ತೈದನೆಯ ನವರಾತ್ರಿ. ಇಪ್ಪತ್ತೈದು ವರ್ಷದ ಹಿಂದೆ "ಹೆಂಗಸರು ತಾಳ ಹಿಡಿದರೆ ಸೌಟು ಹಿಡಿಯುವುದು ಯಾರು?" ಎಂದು ನಕ್ಕವರಲ್ಲಿ ಅರ್ಧ ಜನ ಇನ್ನೂ ಬದುಕಿದ್ದಾರೆ. ಅವರ ಎದುರಿನಲ್ಲಿ ಈ ಒಂಬತ್ತು ಸಂಜೆಯೂ ಒಂದು ಚೂರು ಎಡವಟ್ಟಾಗಬಾರದು ಎಂಬುದು ಸೌದಾಮಿನಿಯ ಹಟ. ಹೀಗಿರುವಾಗ, ಹೋದ ವರ್ಷ ಪುತ್ತೂರಿನಿಂದ ಈ ಊರಿಗೆ ಸೊಸೆಯಾಗಿ ಬಂದ ಶ್ರೀರಂಜಿನಿ ಮೊಬೈಲಿನಿಂದ ಒಂದು ಪಟ್ಟಿ ತೆಗೆದು ಓದಿದಳು. ದಿನಕ್ಕೊಂದು ದುರ್ಗೆ, ದುರ್ಗೆಗೊಂದು ಬಣ್ಣ, ಬಣ್ಣಕ್ಕೊಂದು ಅರ್ಥ. ಮಂಡಳಿಯ ಎಂಟೂ ಜನ ದಿನಾಲೂ ಅದೇ ಬಣ್ಣದ ಸೀರೆ ಉಟ್ಟು ಭಜನೆಗೆ ಕೂರಬೇಕು. ನೆರಿಗೆಯೂ ಎಂಟು ಜನರದ್ದು ಒಂದೇ ಅಚ್ಚಿನಲ್ಲಿರಬೇಕು.

ಸಭೆ ಸೇರಿದ್ದು ಮಹೇಶ್ವರಣ್ಣನ ಚಾವಡಿಯಲ್ಲಿ, ಎರಡು ಗಂಟೆಗೆ, ಮೊದಲ ದಿನದ ಬಿಳಿ ಸೀರೆಗಳ ಸಮೇತ. ಅವನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ತಲೆಯ ಮೇಲೆ ದಿಂಬು ಇಟ್ಟುಕೊಂಡು ನೋಡಿದ. ಪ್ರಯೋಜನವಾಗಲಿಲ್ಲ, ಎದ್ದು ಹೊರಗೆ ಬಂದ.

"ಎಂತ ಗಲಾಟೆ ಇದು? ಮನುಷ್ಯರಿಗೆ ಒಂದು ಕಣ್ಣು ಮುಚ್ಚಲಿಕ್ಕೆ ಉಂಟಾ ಇಲ್ವಾ?"

"ನೆರಿಗೆ ನಿಲ್ಲುದಿಲ್ಲ ಮಹೇಶ್ವರಣ್ಣ," ಎಂದಳು ಜಲಜಾಕ್ಷಿ. (ಪೇಟೆಯಲ್ಲಿ ಟಯರ್ ಅಂಗಡಿ ಇಟ್ಟಿರುವ ಮುದ್ದಣ್ಣನ ಹೆಂಡತಿ. ಮಂಡಳಿಯಲ್ಲಿ ಎಲ್ಲರಿಗಿಂತ ದೊಡ್ಡ ಸ್ವರ ಅವಳದ್ದೇ.) "ಆರು ಸಲ ಹಿಡಿದೆ. ಮೇಲೆ ಸರಿಯಾದ್ರೆ ಕೆಳಗೆ ಬಾಯಿ ಬಿಡ್ತದೆ."

ಇಲ್ಲಿಯೇ ಮಹೇಶ್ವರಣ್ಣ ತಪ್ಪಿದ್ದು. ಸುಮ್ಮನೆ ಹೋಗಿ ಮಲಗಿದ್ದರೆ ಆಗುತ್ತಿತ್ತು. ಆದರೆ ಈ ಗದ್ದಲ ಬೇಗ ಮುಗಿದರೆ ಅರ್ಧ ಗಂಟೆಯಾದರೂ ಸಿಕ್ಕೀತು ಎಂಬ ಆಸೆ ಅವನಿಗೆ. ಅವನದು ಹನ್ನೆರಡು ಅಡಿ ಉದ್ದದ ಸರ್ವೆ ನಕ್ಷೆಗಳನ್ನು ಅಂಚಿಗೆ ಅಂಚು ಕೂರಿಸಿ, ಒಂದು ಗೆರೆ ಆಚೀಚೆ ಆಗದಂತೆ ಮಡಚಿ ಕಪಾಟಿಗೆ ಸೇರಿಸಿದ ಕೈ. "ಕೊಡಿ ಇಲ್ಲಿ" ಎಂದು ಸೀರೆಯನ್ನು ಮೇಜಿನ ಮೇಲೆ ಹಾಸಿ, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ, ಇಸ್ತ್ರಿಪೆಟ್ಟಿಗೆ ಎಳೆದ. ಐದು ನಿಮಿಷದಲ್ಲಿ ಸೆರಗಿನ ನೆರಿಗೆ, ಒಡಲಿನ ನೆರಿಗೆ ಎರಡೂ ತಯಾರು. ಉಡುವವರು ಸುತ್ತಿಕೊಂಡು ಪಿನ್ನು ಹಾಕಿದರೆ ಸಾಕು.

ಚಾವಡಿ ಒಮ್ಮೆಲೇ ನಿಶ್ಶಬ್ದವಾಯಿತು. ಮಹೇಶ್ವರಣ್ಣ ಬಯಸಿದ್ದು ಇದೇ ನಿಶ್ಶಬ್ದ. ಆದರೆ ಅದರ ಬೆನ್ನಿಗೇ ಉಳಿದ ಏಳು ಬಿಳಿ ಸೀರೆ ಮೇಜಿನ ಮೇಲೆ ಬಂದು ಬಿದ್ದವು.

"ಬಿಳಿ ಅಂದ್ರೆ ಶಾಂತಿ, ಮಹೇಶ್ವರಣ್ಣ," ಎಂದು ಶ್ರೀರಂಜಿನಿ ಪಟ್ಟಿ ಓದಿ ಹೇಳಿದಳು.

ಯಾರಿಗೆ ಶಾಂತಿ ಎಂದು ಅವನು ಕೇಳಲಿಲ್ಲ.

ಎರಡನೆಯ ದಿನ ಕೆಂಪು. ಕೆಂಪು ಅಂದರೆ ಶಕ್ತಿಯಂತೆ. ಎಂಟು ರೇಶ್ಮೆ ಸೀರೆಗೆ ನೆರಿಗೆ ಹಿಡಿದವನ ಸೊಂಟದಲ್ಲಿ ಅದು ಉಳಿದಿರಲಿಲ್ಲ. ಮೂರನೆಯ ದಿನ ಕಡುನೀಲಿ. ಜಲಜಾಕ್ಷಿ ತಂದದ್ದು ಅವನ ಕಣ್ಣಿಗೆ ಕಪ್ಪು. ನವರಾತ್ರಿಗೆ ಕಪ್ಪು ಆಗದು ಎಂದು ನಾಲ್ಕು ಜನ, ಅದು ನೀಲಿಯೇ ಎಂದು ನಾಲ್ಕು ಜನ. ಕೊನೆಗೆ ಸೀರೆಯನ್ನು ಅಂಗಳಕ್ಕೆ ಕೊಂಡುಹೋಗಿ, ಬಿಸಿಲಿಗೆ ಹಿಡಿದು, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ಮಹಾಬಲನನ್ನು ಕರೆದು ಕೇಳಿದರು. ಮಹಾಬಲ ಬುದ್ಧಿವಂತ. "ನಂಗೆ ಬಣ್ಣ ಅಷ್ಟಾಗಿ ಗೊತ್ತಾಗುದಿಲ್ಲ" ಎಂದು ಸೈಕಲ್ ಹತ್ತಿದ. ಈ ಉತ್ತರ ತನಗೆ ಮೊದಲ ದಿನವೇ ಯಾಕೆ ಹೊಳೆಯಲಿಲ್ಲ ಎಂದು ಮಹೇಶ್ವರಣ್ಣನಿಗೆ ನಿಜಕ್ಕೂ ದುಃಖವಾಯಿತು.

ಬೂದು ಬಣ್ಣದ ದಿನವಂತೂ ಕೇಳುವುದೇ ಬೇಡ. ಹಬ್ಬಕ್ಕೆಂದು ಬೂದು ಸೀರೆ ತೆಗೆದಿಟ್ಟ ಹೆಂಗಸು ಇಡೀ ಪಂಚಾಯತಿನಲ್ಲಿ ಇಲ್ಲ. ಬೂದು ಅಂದರೆ ಸಮಚಿತ್ತ ಎಂದು ಪಟ್ಟಿಯಲ್ಲಿತ್ತು. ಅದನ್ನು ಹುಡುಕುವುದರಲ್ಲಿ ಎಂಟೂ ಜನ ಸಮಚಿತ್ತ ಕಳೆದುಕೊಂಡರು.

"ನೆಲ ಒರಸುವ ಬಟ್ಟೆ ಉಂಟಲ್ಲ, ಬೇಕಾದಷ್ಟು ಬೂದು ಆಗಿದೆ," ಎಂದ ಮಹೇಶ್ವರಣ್ಣ.

"ನೀವು ಬಾಯಿ ಮುಚ್ಚಿ ನೆರಿಗೆ ಹಿಡಿರಿ," ಎಂದಳು ಸೌದಾಮಿನಿ. ಅವಳ ಕಣ್ಣಿನ ಕೆಳಗೂ ಕಪ್ಪು ಕೂತಿತ್ತು. ಬೆಳಿಗ್ಗೆ ಅಡುಗೆ, ಮಧ್ಯಾಹ್ನ ಸೀರೆ, ಸಂಜೆ ಭಜನೆ, ನಡುವೆ ಎಂಟು ಹೆಂಗಸರ ಎಂಟು ಸಿಟ್ಟು. ಮಹೇಶ್ವರಣ್ಣ ಕ್ಲಿಪ್ಪು ಎತ್ತಿಕೊಂಡ.

ಒಂದು ಸಂಜೆ ಅವನು ಮಂದಿರದ ಹಿಂದಿನ ಕಂಬಕ್ಕೆ ಒರಗಿ ನಿಂತು ನೋಡಿದ. ಎಂಟು ಹೆಗಲ ಮೇಲೆ ಎಂಟು ನೆರಿಗೆ, ಅಳತೆ ಮಾಡಿ ಗೆರೆ ಎಳೆದ ಹಾಗೆ. ಮುಂದಿನ ಸಾಲಿನ ಹಿರಿಯರೊಬ್ಬರು "ಮಂಡಳಿ ಅಂದ್ರೆ ಹೀಗಿರಬೇಕು" ಎಂದರು. ಸೌದಾಮಿನಿ ತಾಳ ಹಾಕುತ್ತಾ ಕಣ್ಣು ಮುಚ್ಚಿದ್ದಳು, ಮುಖ ಮಾತ್ರ ನಗುತ್ತಿತ್ತು. ಮಹೇಶ್ವರಣ್ಣನಿಗೆ ಹೆಮ್ಮೆಯಾಯಿತು.

ಹೆಮ್ಮೆ ಹನ್ನೆರಡು ಗಂಟೆಯೂ ಉಳಿಯಲಿಲ್ಲ ಎನ್ನಿ. ಬೆಳಿಗ್ಗೆ ಎದ್ದರೆ ಮೇಜಿನ ಮೇಲೆ ಎಂಟರ ಬದಲು ಹನ್ನೊಂದು ಸೀರೆ. ಜಲಜಾಕ್ಷಿಯ ತಂಗಿಯದ್ದೊಂದು, ಶ್ರೀರಂಜಿನಿಯ ಅತ್ತೆಯದ್ದೊಂದು, ಪೋಸ್ಟ್‌ಮ್ಯಾನ್ ಮಹಾಬಲನ ಹೆಂಡತಿಯದ್ದೂ ಒಂದು. ಜೊತೆಗೆ, ದೀಪಾವಳಿ ಕಳೆದು ಮಗಳ ಮದುವೆ ಇಟ್ಟುಕೊಂಡಿರುವ ರಶ್ಮಿತಾ ಬಂದು, "ಮದುಮಗಳ ಸೀರೆಗೆ ನೀವೇ ಆಗ್ಬೇಕು ಮಹೇಶ್ವರಣ್ಣ" ಎಂದು ಈಗಲೇ ತಾರೀಕು ಹೇಳಿಹೋದಳು. ನವರಾತ್ರಿ ಮುಗಿದರೂ ಇದು ಮುಗಿಯುವ ಲಕ್ಷಣವಿಲ್ಲ ಎಂದು ಅವನಿಗೆ ಹೊಳೆದದ್ದು ಆಗ. ಅದೇ ಯೋಚನೆಯಲ್ಲಿ ಇಸ್ತ್ರಿಪೆಟ್ಟಿಗೆ ಬೆರಳಿಗೆ ತಾಗಿ ಬೊಬ್ಬೆ ಬಂತು.

ಬೆರಳನ್ನು ಬಾಯಲ್ಲಿಟ್ಟುಕೊಂಡು ಕೂತಾಗಲೇ ಉಪಾಯ ಹುಟ್ಟಿದ್ದು. ದುರ್ಗಾಷ್ಟಮಿಯ ಸಂಜೆ ಪುಸ್ತಕವನ್ನೂ ಕೆಲಸದ ಆಯುಧವನ್ನೂ ದೇವರ ಎದುರು ಪೂಜೆಗೆ ಇಡುವುದು ಈ ಕಡೆಯ ಕ್ರಮ. ಇಟ್ಟ ಮೇಲೆ ವಿಜಯದಶಮಿಯ ಬೆಳಗಿನ ಪೂಜೆಯವರೆಗೆ ಮುಟ್ಟುವಂತಿಲ್ಲ. ಓದುವ ಮಕ್ಕಳಿಗೆ ಓದು ಇಲ್ಲ, ಬರೆಯುವವರಿಗೆ ಬರಹ ಇಲ್ಲ. ಪ್ರತಿವರ್ಷ ಮಹೇಶ್ವರಣ್ಣ ಇಡುತ್ತಿದ್ದದ್ದು ರಶೀದಿ ಬರೆಯುವ ಪೆನ್ನು. ಈ ವರ್ಷ ಸಂಜೆ ಮಿಂದು, ಬಾಳೆಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಸುತ್ತ ಹನ್ನೊಂದು ಕ್ಲಿಪ್ಪು ಜೋಡಿಸಿ, ಪಿನ್ನಿನ ಡಬ್ಬಿಯ ಮೇಲೆ ಒಂದು ದಾಸವಾಳವನ್ನೂ ಏರಿಸಿದ. ಒಂದು ದಿನ ಕೈ ತಪ್ಪಿದರೆ ಊರಿನ ಅಭ್ಯಾಸವೂ ತಪ್ಪುತ್ತದೆ, ದಶಮಿಯ ದಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದರೆ ಕತೆ ಮುಗಿಯಿತು ಎಂಬುದು ಅವನ ಲೆಕ್ಕಾಚಾರ.

ಭಜನೆಗೆ ಹೊರಟಿದ್ದ ಸೌದಾಮಿನಿ ದೀಪ ಹಚ್ಚಲು ಬಂದವಳು ನಿಂತುಬಿಟ್ಟಳು.

"ಇದು ಎಂತ?"

"ಆಯುಧ."

"ಯಾರದ್ದು?"

"ನನ್ನದೇ. ಎಂಟು ದಿನದಿಂದ ನನ್ನ ಕೈಯಲ್ಲಿ ಬೇರೆ ಎಂತ ಉಂಟು?"

"ಮನಸ್ಸಿಟ್ಟೇ ಇಟ್ಟದ್ದಲ್ವಾ?"

"ದೇವರ ಎದುರು ಸುಳ್ಳು ಹೇಳ್ತೇನಾ?"

ಅವಳು ಇಸ್ತ್ರಿಪೆಟ್ಟಿಗೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಬೆರಳಿನ ಬೊಬ್ಬೆಯನ್ನೂ ನೋಡಿದಳು. ಆಮೇಲೆ ಪೆಟ್ಟಿಗೆಯ ಹಿಡಿಗೆ ಕುಂಕುಮ ಹಚ್ಚಿ ಹೋದಳು.

ನವಮಿಯ ಮಧ್ಯಾಹ್ನ ಗುಲಾಬಿ ಸೀರೆಗಳು ಬಂದವು. ಮಹೇಶ್ವರಣ್ಣ ದೇವರ ಕೋಣೆಯ ಕಡೆಗೆ ಕೈಮುಗಿದು ತೋರಿಸಿದ. ಸೀರೆಗಳು ಹಾಗೆಯೇ ಹಿಂದೆ ಹೋದವು. ಅವನು ಎರಡು ಗಂಟೆಗೆ ಮಲಗಿ ನಾಲ್ಕು ಗಂಟೆಗೆ ಎದ್ದ. ಒಂಬತ್ತು ದಿನದಲ್ಲಿ ಮೊದಲ ಸಲ ಸೊಂಟ ಅವನ ಮಾತು ಕೇಳಿತು. ಆದರೂ ಸಂಜೆ ಮಂದಿರದ ಕಡೆ ಹೋಗಲು ಅವನಿಗೆ ಮುಖವಿರಲಿಲ್ಲ. ಮನೆಗೆ ಬಂದ ಸೌದಾಮಿನಿ ಬಯ್ಯಲಿಲ್ಲ. ನೆರಿಗೆ ಹೇಗಾಯಿತೆಂದೂ ಹೇಳಲಿಲ್ಲ. ಜಗಲಿಯಲ್ಲಿ ಕೂತು ಶ್ರೀರಂಜಿನಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದವಳು ಅವನನ್ನು ಕಂಡು ಸ್ವರ ತಗ್ಗಿಸಿದಳು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಇದು ಯಾಕೋ ಸರಿಯಲ್ಲ ಎನಿಸಬೇಕಿತ್ತು. ಅವನಿಗೆ ಎನಿಸಲಿಲ್ಲ, ನಿದ್ದೆಯ ಸುಖ ಅಷ್ಟು ದಪ್ಪವಾಗಿತ್ತು.

ವಿಜಯದಶಮಿಯ ಬೆಳಿಗ್ಗೆ ಪೂಜೆ ಮುಗಿಸಿ, ಪೆಟ್ಟಿಗೆಯನ್ನು ಎತ್ತಿಕೊಂಡು ಅಟ್ಟದ ಏಣಿಗೆ ಕಾಲಿಡುವಾಗ ಅಂಗಳದಲ್ಲಿ ಕೆಮ್ಮು ಕೇಳಿತು. ಇಣುಕಿದರೆ ಟಯರ್ ಅಂಗಡಿಯ ಮುದ್ದಣ್ಣ, ಬಿಳಿ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟು, ಕೈಯಲ್ಲಿ ವೀಳ್ಯದೆಲೆ ಅಡಿಕೆ ಹಿಡಿದು ನಿಂತಿದ್ದಾನೆ. ಪಕ್ಕದಲ್ಲಿ ದುಬೈಯಿಂದ ರಜೆಯಲ್ಲಿ ಬಂದ ಶ್ರೀರಂಜಿನಿಯ ಗಂಡ ಪ್ರವೀಣ್. ಹಿಂದೆ ಇನ್ನೂ ಐದು ಗಂಡಸರು. ಅವರ ಹಿಂದೆ, ಓಡಿಹೋಗದ ಹಾಗೆ, ಅವರವರ ಹೆಂಡತಿಯರು.

"ಪ್ರಸಾದಕ್ಕಾ? ಕೂತುಕೊಳ್ಳಿ," ಎಂದ ಮಹೇಶ್ವರಣ್ಣ.

"ಅಲ್ಲ," ಎಂದಳು ಜಲಜಾಕ್ಷಿ. "ವಿದ್ಯಾರಂಭಕ್ಕೆ."

"ಯಾರದ್ದು?"

"ಇವರದ್ದೇ. ನೀವು ದೇವರ ಎದುರು ಆಯುಧ ಇಟ್ಟು ಪೂಜೆ ಮಾಡಿದ್ದೀರಲ್ಲ, ಮತ್ತೆ ವಿದ್ಯೆ ನಿಮ್ಮದೇ. ಇವತ್ತು ಕಲಿಲಿಕ್ಕೆ ಬಂದವರನ್ನು ಹಿಂದೆ ಕಳಿಸ್ಲಿಕ್ಕೆ ಇಲ್ಲ."

ಅವನು ಹೆಂಡತಿಯ ಮುಖ ನೋಡಿದ. ಅದರಲ್ಲಿ ಸೇಡಾಗಲಿ ಕುಚೋದ್ಯವಾಗಲಿ ಇರಲಿಲ್ಲ. ಅದೇ ಅವನನ್ನು ಹೆಚ್ಚು ಕಂಗೆಡಿಸಿದ್ದು.

"ನೀವು ಒಬ್ಬರೇ ಎಷ್ಟೂಂತ ಮಾಡುದು?" ಎಂದಳು ಸೌದಾಮಿನಿ ಮೆಲ್ಲಗೆ. "ಬೆರಳು ಸುಟ್ಟುಕೊಂಡದ್ದು ನನಗೆ ನೋಡ್ಲಿಕ್ಕೆ ಆಗ್ಲಿಲ್ಲ. ಮನೆಗೊಬ್ಬರು ಕಲಿತರೆ ಮುಂದಿನ ವರ್ಷ ನಿಮಗೆ ಆರಾಮ."

ಇಷ್ಟು ಪ್ರೀತಿಯಿಂದ ಹೇಳಿದ್ದಕ್ಕೆ ಜಗಳವಾಡುವುದು ಹೇಗೆ? ಮೇಜಿನ ಮೇಲೆ ಜಲಜಾಕ್ಷಿಯ ಸೀರೆ ಹಾಸಿಯಾಗಿತ್ತು. ಮುದ್ದಣ್ಣ ವೀಳ್ಯ ಕೊಟ್ಟು, ದೊಡ್ಡ ದೇಹವನ್ನು ಕಷ್ಟಪಟ್ಟು ಬಗ್ಗಿಸಿ ನಮಸ್ಕಾರ ಮಾಡಿದ. ಅಕ್ಕಿಯ ಮೇಲೆ ಅಕ್ಷರ ಬರೆಸುವಾಗ ಮಗುವಿನ ಬೆರಳು ಹಿಡಿಯುವಂತೆ ಮಹೇಶ್ವರಣ್ಣ ಅವನ ದಪ್ಪ ಬೆರಳು ಹಿಡಿದು ಮೊದಲನೆಯ ನೆರಿಗೆ ಹಾಕಿಸಿದ. ಹೆಂಗಸರು ದೇವಿಗೆ ಜಯಕಾರ ಹಾಕಿದರು. ಆ ಗದ್ದಲದ ನಡುವೆ ಮುದ್ದಣ್ಣ ಅವನ ಕಿವಿಯ ಹತ್ತಿರ ಬಗ್ಗಿ, "ಮಾರಾಯ, ನಿಂಗೆ ಅದನ್ನು ದೇವರ ಹತ್ತಿರ ಇಡ್ಲಿಕ್ಕೆ ಹೇಳಿದ್ದು ಯಾರು?" ಎಂದು ಹಲ್ಲು ಕಚ್ಚಿ ಕೇಳಿದ.

"ಕ್ಲಾಸು ಎಷ್ಟು ಗಂಟೆಗೆ ಇಡುವ?" ಎಂದು ಶ್ರೀರಂಜಿನಿ ಮೊಬೈಲು ತೆಗೆದಳು. ಬೆಳಿಗ್ಗೆ ಮುದ್ದಣ್ಣನಿಗೆ ಅಂಗಡಿ, ಸಂಜೆ ಎಲ್ಲರಿಗೂ ಪೇಟೆ. ಮಧ್ಯಾಹ್ನವಾದರೆ ಅಂಗಡಿ ಬಾಗಿಲು ಹಾಕಿರುತ್ತದೆ.

"ಹಾಗಾದ್ರೆ ಎರಡರಿಂದ ನಾಲ್ಕು," ಎಂದಳು ಸೌದಾಮಿನಿ. "ಆಗ ಇವರಿಗೆ ಎಂತ ಕೆಲಸವೂ ಇಲ್ಲ."

"ಎಷ್ಟು ದಿನ?" ಎಂದ ಮಹೇಶ್ವರಣ್ಣ.

"ಇವರದ್ದು ದೀಪಾವಳಿವರೆಗೆ," ಎಂದಳು ಶ್ರೀರಂಜಿನಿ, ಬೆರಳಾಡಿಸುತ್ತಾ. "ಮತ್ತೆ ಪೆರ್ಲದ ಮಹಿಳಾ ಮಂಡಳಿಯವರ ಗಂಡಂದಿರು ಬರ್ತಾರಂತೆ. ಅವರು ಹನ್ನೆರಡು ಜನ."