ತಲೆಬಾಗಿಲಿಗೆ ಬ್ಲೋ ಲ್ಯಾಂಪ್ ಹಿಡಿದದ್ದು

ಕೆಲವರಿಗೆ ಕೆಲಸ ಮಾಡಿದರೆ ಸುಸ್ತು, ನನಗೆ ಕೆಲಸ ಇಲ್ಲದಿದ್ದರೆ ಸುಸ್ತು. ಭಾನುವಾರ ಬೆಳಿಗ್ಗೆ ಪೇಪರು ಓದಿ ಮುಗಿದು, ಎರಡನೇ ಕಾಫಿಯೂ ಆಗಿ, ನಾನು ಮನೆಯೊಳಗೆ ಅತ್ತಿಂದಿತ್ತ ಓಡಾಡತೊಡಗಿದೆನೆಂದರೆ ನನ್ನಾಕೆ ಗಡಿಯಾರ, ರೇಡಿಯೊ, ಹೊಲಿಗೆ ಮೆಷಿನ್ನುಗಳ ಮೇಲೆ ಒಂದು ಕಣ್ಣಿಟ್ಟಿರುತ್ತಾಳೆ. ಯಾವುದನ್ನು ಬಿಚ್ಚಿ ಹರಡುತ್ತೇನೋ ಎಂಬ ಭಯ ಅವಳಿಗೆ. ತಮಾಷೆಯೆಂದರೆ, ಕಾರ್ಖಾನೆಯಲ್ಲಿ ನನ್ನ ನೌಕರಿಯೇ ಎಚ್ಚರಿಕೆ ಹೇಳುವುದು. 'ಬೆಂಕಿಯ ಹತ್ತಿರ ಅವಸರ ಬೇಡ' ಎಂದು ಕೆಂಪಕ್ಷರದಲ್ಲಿ ಬರೆಸಿ ಗೋಡೆಗೆ ತೂಗುಹಾಕಿಸುವವನು ನಾನು.

ಹೋದ ತಿಂಗಳು ಅರಸೀಕೆರೆಯಿಂದ ಕಾಗದ ಬಂತು. ನನ್ನಾಕೆಯ ತಂಗಿಗೆ ಚೊಚ್ಚಲ ಹೆರಿಗೆ, ದಿನ ತುಂಬಿದೆ. ತಾಯಿಯಿಲ್ಲದ ಹುಡುಗಿ, ಅಕ್ಕ ಹೋಗಲೇಬೇಕು. ಭಾನುವಾರ ಮಧ್ಯಾಹ್ನದ ಗಾಡಿಗೆ ಹೊರಡುವುದೆಂದಾಯಿತು. ತೊಡಕು ಬಂದದ್ದು ಯಶವಂತಪುರದ ನಮ್ಮ ಬಾಡಿಗೆ ಮನೆಯ ತಲೆಬಾಗಿಲಿನಿಂದ. ಅದಕ್ಕೆ ಹೊರಗಿನಿಂದ ಬೀಗ ಹಾಕಲು ಆಗುತ್ತಿರಲಿಲ್ಲ. ಇಬ್ಬರಲ್ಲೊಬ್ಬರು ಸದಾ ಮನೆಯಲ್ಲಿರುತ್ತಿದ್ದುದರಿಂದ ಇಷ್ಟು ದಿನ ಹೇಗೋ ನಡೆದಿತ್ತು. ಇವಳು ಊರಿಗೆ ಹೋಗಿ, ನಾನು ಕಾರ್ಖಾನೆಗೆ ಹೋದರೆ ಮನೆ ಹಾರುಹೊಡೆದುಕೊಂಡು ಬಿದ್ದಿರಬೇಕಷ್ಟೆ.

ಮನೆಯೊಡೆಯ ಮುನಿಯಪ್ಪನವರು ತಮ್ಮ ಮನೆತನದಲ್ಲಿ ಮದುವೆಯಾದಾಗಲೆಲ್ಲ ಆ ಬಾಗಿಲಿನ ಹಳೇ ಬಣ್ಣದ ಮೇಲೇ ಹೊಸ ಬಣ್ಣ ಬಳಿಸುತ್ತ ಬಂದವರು. ಅವರದು ದೊಡ್ಡ ಮನೆತನ. ಬಾಗಿಲು ದಪ್ಪವಾಗಿ ಚೌಕಟ್ಟಿನೊಳಗೆ ಕೂರದೆ, ಚಿಲಕ ಕೊಂಡಿಯಿಂದ ಎರಡು ಬೆರಳು ದೂರದಲ್ಲೇ ನಿಲ್ಲುತ್ತಿತ್ತು. ಬಡಗಿಯನ್ನು ಕರೆಸಲೇ ಎಂದು ಕೇಳಿದೆ. "ಉಳಿ ಗಿಳಿ ಆಕ್ಬ್ಯಾಡಿ ಸ್ವಾಮಿ, ನಮ್ಮಪ್ಪನ ಕಾಲದ ಬಾಕ್ಲು. ಬಣ್ಣ ಬೇಕಾದ್ರೆ ಕೆರ್ಕೊಳ್ಳಿ, ಮರ ಮುಟ್ಬ್ಯಾಡಿ" ಎಂದರು.

ಪಕ್ಕದ ಮನೆಯ ಖಾದರ್ ಸಾಬರು ಲಾರಿಗಳ ರೇಡಿಯೇಟರಿಗೆ ಬೆಸುಗೆ ಹಾಕುವವರು. ಅವರ ಹತ್ತಿರ ಸೀಮೆಎಣ್ಣೆಯ ಬ್ಲೋ ಲ್ಯಾಂಪ್ ಇತ್ತು. ಪಂಪು ಹೊಡೆದರೆ ಮೂತಿಯಿಂದ ನೀಲಿ ಜ್ವಾಲೆ ಭುಸುಗುಡುತ್ತ ಬರುತ್ತದೆ, ಬಣ್ಣ ಎಷ್ಟು ಹಳೆಯದಾದರೂ ಮೆತ್ತಗಾಗಿ ಏಳುತ್ತದೆ. ಭಾನುವಾರ ಬೆಳಿಗ್ಗೆ ಕೇಳಲು ಹೋದೆ.

"ಒಂದು ಗಂಟೆ ತಡೀರಿ ಸಾಬ್, ಈ ಲಾರಿ ಮುಗಿಸಿ ನಾನೇ ಬಂದು ಮಾಡಿಕೊಡ್ತೀನಿ" ಎಂದರು. ಒಂದು ಗಂಟೆ ಕಾಯುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಕೈಯಿಂದ ಕಿತ್ತುಕೊಂಡೆ ಎನ್ನಿ. ಪಾಪ, ಹಿಂದೆಯೇ ಬೀದಿಯವರೆಗೂ ಬಂದು ಹೇಳಿದರು: "ಒಂದೇ ಕಡೆ ಹಿಡೀಬೇಡಿ, ಆಡಿಸ್ತಾ ಇರಿ. ಹೊಗೆ ಕುಡೀಬೇಡಿ, ಹಳೇ ಬಣ್ಣದಲ್ಲಿ ಸೀಸ ಇರ್ತದೆ. ಒಂದು ಬಕೆಟ್ ನೀರು ಪಕ್ಕದಲ್ಲಿರ್ಲಿ. ಹಚ್ಚೋಕೆ ಮುಂಚೆ ಮೇಲೇನಿದೆ ನೋಡ್ಕೊಳ್ಳಿ." ಕಾರ್ಖಾನೆಯ ಕೆಲಸಗಾರರು ನನ್ನ ಭಾಷಣ ಕೇಳುವಾಗ ಹೇಗೆ ತಲೆಯಾಡಿಸುತ್ತಾರೋ ಹಾಗೆಯೇ ತಲೆಯಾಡಿಸಿದೆ.

ಮೂಗಿಗೆ ಒದ್ದೆ ಟವೆಲ್ಲು ಕಟ್ಟಿದೆ, ಬಕೆಟ್ಟಿಗೆ ನೀರು ತುಂಬಿದೆ. ಮೇಲೆ ನೋಡಿದೆ, ಏನೂ ಕಾಣಲಿಲ್ಲ. ಜ್ವಾಲೆ ತಾಗಿದ ಕಡೆ ಬಣ್ಣ ಹಪ್ಪಳದಂತೆ ಉಬ್ಬಿ ಬಂತು. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಾವಿ. ಮುನಿಯಪ್ಪನವರ ಒಬ್ಬೊಬ್ಬ ತಂಗಿಯ ಮದುವೆಯನ್ನೂ ತಗಡಿನಿಂದ ಕೆರೆದು ಉದುರಿಸುತ್ತ ಹೋದೆ. "ಹತ್ತು ಗಂಟೆ ಆಯ್ತು ರೀ" ಎಂದು ಒಳಗಿನಿಂದ ದನಿ ಬಂತು. ಬಾಗಿಲು ಕಚ್ಚುತ್ತಿದ್ದುದು ಮೇಲಂಚಿನಲ್ಲಿ. ಕೆಳಗಿನದೆಲ್ಲ ಆಮೇಲೆ ನೋಡೋಣವೆಂದು ಜ್ವಾಲೆಯನ್ನು ನೇರ ಅಲ್ಲಿಗೇ ಎತ್ತಿ ಹಿಡಿದೆ.

ಮೇಲೆ ಏನೂ ಕಾಣಲಿಲ್ಲ ಎಂದೆನಲ್ಲ, ಅಲ್ಲಿ ತೋರಣವಿತ್ತು. ಮಾವಿನೆಲೆ ಕಟ್ಟುವುದು ನಮಗೆ ಗೊತ್ತು, ಬಿಚ್ಚುವುದು ಯಾರ ಮನೆಯಲ್ಲಿ ಗೊತ್ತು? ಯುಗಾದಿಯದರ ಮೇಲೆ ಗೌರಿಹಬ್ಬದ್ದು, ಅದರ ಮೇಲೆ ಆಯುಧಪೂಜೆಯದು, ಎಲ್ಲ ಒಣಗಿ ಗರಿಗರಿಯಾಗಿ ತೂಗುತ್ತಿದ್ದವು. ದಿನಾ ಅದರಡಿಯೇ ಓಡಾಡುವವನ ಕಣ್ಣಿಗೆ ಅದು ಬೀಳುವುದುಂಟೆ? ಚಟಚಟನೆ ಹತ್ತಿಕೊಂಡಿತು. ಬಾಗಿಲಿನ ಮೇಲಂಚೂ ಹತ್ತಿತು. ಲ್ಯಾಂಪನ್ನು ಆರಿಸಿ ಕೆಳಗಿಟ್ಟೆ. ಬಕೆಟ್ಟಿಗೆ ಕೈ ಚಾಚಿದರೆ, ನಾನು ಜಗಲಿಯ ಮೇಲೆ, ಬಕೆಟ್ಟು ಹೊಸ್ತಿಲಾಚೆ ಪಡಸಾಲೆಯಲ್ಲಿ. ನಡುವೆ ಬೆಂಕಿ.

ನನ್ನಾಕೆ ಕೂಗಲಿಲ್ಲ, ಅಳಲಿಲ್ಲ. ಸೆರಗು ಸಿಕ್ಕಿಸಿ ಬಕೆಟ್ಟನ್ನು ಎತ್ತಿ ಬೀಸಿ ಎರಚಿದಳು. ಅರ್ಧ ಬಾಗಿಲಿಗೆ, ಅರ್ಧ ನನಗೆ. ಬೆಂಕಿ ಆರಿತು.

"ಮೇಲೆ ನೋಡಿ ಅಂತ ಸಾಬರು ಹೇಳಿದ್ದು ಒಳಗೇ ಕೇಳಿಸ್ತು. ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಆರೋ ತನಕ ಆ ಲ್ಯಾಂಪು ಮುಟ್ಬೇಡಿ, ಮೂತಿ ಇನ್ನೂ ಸುಡ್ತಿರುತ್ತೆ. ನನ್ನ ತಂಗಿ ಅಲ್ಲಿ ಒಬ್ಳೇ ಇದ್ದಾಳೆ. ಈ ಬಾಗಿಲು ನಂಬ್ಕೊಂಡು ನಾನು ಹೆಂಗ್ರೀ ಹೋಗ್ಲಿ?" ಎಂದಳು. ಈಗ ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಲ್ಯಾಂಪಿಗಾಗಿ ಬಂದ ಖಾದರ್ ಸಾಬರು ಇದ್ದಿಲಾದ ಅಂಚನ್ನು ತಗಡಿನಿಂದ ಕೆರೆದರು. ಒಂದು ಬೆರಳಿನಷ್ಟು ಮರ ಕರಗಿತ್ತು. ಬಾಗಿಲನ್ನು ತಳ್ಳಿದರು. ಹೋಗಿ ನೆಟ್ಟಗೆ ಕೂತಿತು, ಚಿಲಕ ಕೊಂಡಿಗೆ ಸಿಕ್ಕಿತು. ಮುನಿಯಪ್ಪನವರ ಕೈಲಿ ಉಗಿಸಿಕೊಳ್ಳುವುದನ್ನು ನನ್ನ ಪಾಲಿಗೆ ಬಿಟ್ಟು ನನ್ನಾಕೆ ಗಾಡಿ ಹತ್ತಿದಳು. ಕಿಟಕಿಯಿಂದ ಬಗ್ಗಿ, "ಹುಷಾರಾಗಿರಿ. ಸ್ಟೌವ್ ಹಚ್ಚೋಕೆ ಖಾದರ್ ಸಾಬರಿಗೆ ಹೇಳಿದ್ದೀನಿ, ನೀವು ಕೈ ಹಾಕ್ಬೇಡಿ" ಎಂದಳು. ಗಾಡಿ ಹೋದಮೇಲೆ ಪ್ಲಾಟ್‌ಫಾರಂ ಬಣಗುಟ್ಟಿತು.

ಮಾರನೆಯ ದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಸಾಬರು ಬಂದರು. ಸ್ಟೌವಿನ ಮುಂದೆ ಕೂತು ನನ್ನ ಕಡೆ ನೋಡಿ, "ನೀವು ಸ್ವಲ್ಪ ಹೊರಗೆ ನಿಂತ್ಕೊಳ್ಳಿ ಸಾಬ್" ಎಂದರು. ನಿಂತೆ. ಅವರು ಎದ್ದು ಬಂದು, ನನ್ನ ಮುಖದ ಮೇಲೆ ಮೆಲ್ಲಗೆ ಬಾಗಿಲು ಹಾಕಿಕೊಂಡರು. ಎಲ್ಲೂ ಕಚ್ಚಲಿಲ್ಲ, ಕಿರುಗುಟ್ಟಲಿಲ್ಲ. ಎಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೇನೆ ಎಂದು ಜಗಲಿಯ ಮೇಲೆ ನಿಂತೇ ಹೆಮ್ಮೆಪಟ್ಟೆ.